ಕಿನ್ನಾಳದ ಗಿಳಿ ಹಾರಿದ್ದು

'ಕೂಸು ಹುಟ್ಟುವ ಮುಂಚೆ ಪರೀಕ್ಷೆ ಬರೆಸಿದರು' ಎಂಬ ಗಾದೆ ಕೇಳಿದ್ದೀರಲ್ಲ? ಕೇಳಿರದಿದ್ದರೆ ತಪ್ಪು ನಿಮ್ಮದಲ್ಲ. ಕುಲಾವಿ ಕಿತ್ತು ಪರೀಕ್ಷೆ ಹೊಲಿದವನು ನಾನೇ. ಆದರೆ ಗಾದೆ ಸುಳ್ಳಾದರೂ ಕತೆ ಸುಳ್ಳಲ್ಲ.

ಸಾವಿರದ ಒಂಬೈನೂರ ನಲವತ್ತೊಂದರ ಒಂದು ಮುಂಜಾನೆ ಪಕ್ಕೀರಪ್ಪ ಮಾಸ್ತರರು ಕೊಪ್ಪಳದ ನಮ್ಮ ಮನೆಗೆ ಏದುಸಿರು ಬಿಡುತ್ತ ಬಂದರು. ಹೆಣ್ಣುಮಕ್ಕಳ ಸಾಲೆಯ ಹೆಡ್‌ಮಾಸ್ತರತಿ, ನನ್ನ ಸೋದರತ್ತೆ ವಿರೂಪಾಕ್ಷಮ್ಮ ಊರಿನ ಕಳವುಗಳನ್ನೂ ಬಿಡಿಸುತ್ತಿದ್ದಳು.

"ಅಕ್ಕಾರ, ನನ್ನ ಗಿಳಿ ಕಳುವಾಗೇತ್ರಿ!"

"ಕಳುವಾಗೇತ್ರಿ!" ಎಂದು ನಾನು ಅವರದೇ ದನಿಯಲ್ಲಿ ಒದರಿದೆ. ಅತ್ತೆ ಕಣ್ಣು ಬಿಟ್ಟಳು. ಪಕ್ಕೀರಪ್ಪನವರಿಂದ ಪಕ್ಕಿ ಹಾರಿ ಬರೀ 'ರಪ್ಪ' ಉಳಿದಿತ್ತು. ನಗದೆ ಏನು ಮಾಡಲಿ?

ಮಾಸ್ತರರು ಎಳೆಗೂಸುಗಳು ಹೇಗೆ ಕಲಿಯುತ್ತವೆಂದು ಅಭ್ಯಾಸ ನಡೆಸಿದ್ದರು. ಕಿನ್ನಾಳದ ಮರದ ಗಿಳಿಯನ್ನು ಒಂದು ಬಟ್ಟೆಯ ಕೆಳಗೆ ಬಚ್ಚಿಡುವುದು; ಕೂಸು ಅದನ್ನು ಹುಡುಕಿ ತೆಗೆದ ಮೇಲೆ, ಅದರ ಕಣ್ಣೆದುರಿಗೇ ಇನ್ನೊಂದು ಬಟ್ಟೆಯ ಕೆಳಗಿಡುವುದು. ಬುದ್ಧಿ ಬಲಿಯದ ಎಂಟೊಂಬತ್ತು ತಿಂಗಳ ಕೂಸು ಮತ್ತೆ ಮೊದಲಿನ ಬಟ್ಟೆಯನ್ನೇ ಎಳೆಯುತ್ತಿತ್ತು! ಗಂಗಾವತಿ, ಕುಷ್ಟಗಿ, ಯಲಬುರ್ಗಿಯ ಕೂಸುಗಳಿಗೆಲ್ಲ ಅದೇ ಗಿಳಿ. ಅವತ್ತೇ ಹೈದರಾಬಾದಿನಿಂದ ಪ್ರೊಫೆಸರ್ ಹಂಪಣ್ಣನವರು ನೋಡಲು ಬರುವವರಿದ್ದರು. ಗಿಳಿ ಬೇರೆಯಾದರೆ ಅಷ್ಟೂ ದುಡಿಮೆ ನೀರಿಗೆ.

ಮಾಸ್ತರರು ಬಾಡಿಗೆಗಿದ್ದ ಮುದುಕವ್ವನ ಮನೆಗೆ ಹೋದೆವು. ಟ್ರಂಕು ಬುಡಮೇಲಾಗಿ ಬಿದ್ದಿತ್ತು. ಪಡಸಾಲೆಯ ತೊಟ್ಟಿಲಲ್ಲಿ ಮುದುಕವ್ವನ ಮೊಮ್ಮಗ ಮೇಲೆ ತೂಗುವ ಗೊಂಬೆಗಳ ಗೊಂಚಲು ನೋಡುತ್ತ ಕೇಕೆ ಹಾಕುತ್ತಿದ್ದ.

"ಕೀಲಿ ಮುರದೈತೇನ್ರಿ?" ಅತ್ತೆ ಕೇಳಿದಳು.

"ಇಲ್ರಿ. ಕೀಲಿಕೈ ನನ್ನ ಉಡದಾರದಾಗ ಐತಿ. ನಾಕು ಸಲ ಟ್ರಂಕು ಜಾಡಿಸೀನಿ! ಟಾಂಗಾದ ಮಕ್ಬುಲಸಾಬ ನಿನ್ನಿ ಬಂದಿದ್ದ, ಮುಂಜಾನಿಂದ ಪತ್ತೆ ಇಲ್ಲ."

"ನಿನ್ನಿ ಗಿಳಿ ಯಾರು ಇಟ್ರು?"

"ದಿನಾ ಮುದುಕವ್ವನೇ ನನ್ನ ಟ್ರಂಕಿನಾಗ ಇಡ್ತಾಳ್ರಿ. ಇಟ್ಟ ಕೂಡ್ಲೆ ಈ ಕೂಸು ಓಣಿಯೆಲ್ಲ ಕೇಳೂಹಂಗ ಅಳತೈತಿ."

"ನಿನ್ನಿ ಇಟ್ಟದ್ದು ನೋಡೀರೇನು?"

"ನೋಡೂದೇನ್ರಿ, ದಿನಾ ಅಲ್ಲೇ ಇರತೈತಿ!"

ಅತ್ತೆ ಮುಗುಳ್ನಕ್ಕಳು. ಅಷ್ಟರಲ್ಲಿ ಹೊರಗೆ ಟಾಂಗಾ ನಿಂತಿತು. ಓಡಿಹೋದ ಕಳ್ಳ ಮಕ್ಬುಲಸಾಬ ಪ್ರೊಫೆಸರರನ್ನು ಸ್ಟೇಶನ್ನಿನಿಂದ ಕರೆತಂದಿದ್ದ! ಮಾಸ್ತರರು ಗಡಬಡಿಸಿ ಟ್ರಂಕನ್ನು ನೆಟ್ಟಗೆ ಮಾಡಿದರು. ಅತ್ತೆ ಎಲ್ಲರನ್ನೂ ತೊಟ್ಟಿಲ ಸುತ್ತ ಕೂಡಿಸಿದಳು.

"ಕೀಲಿ ಮುರದಿಲ್ಲ, ಅಂದ್ರ ಗಿಳಿ ಟ್ರಂಕಿನೊಳಗ ಹೋಗೇ ಇಲ್ಲ. ಇಟ್ಟಾಳಂತ ತಿಳದು ಮಾಸ್ತರು ಬರೀ ಟ್ರಂಕಿಗೆ ಕೀಲಿ ಹಾಕ್ಯಾರ. ಗಿಳಿ ಕಾಣದಿದ್ರ ಅಳೂ ಕೂಸು ಇವತ್ತು ಅಳವಲ್ದು. ಯಾಕಂದ್ರ ಅದಕ್ಕ ಗಿಳಿ ಕಾಣಾಕತ್ತೈತಿ. ಕೂಸಿನ ಕಣ್ಣು ಎಲ್ಲಿ ಐತಿ ನೋಡ್ರಿ."

ಎಲ್ಲರೂ ತಲೆ ಎತ್ತಿದೆವು. ತೊಟ್ಟಿಲ ಗೊಂಚಲಿನ ನಡುವೆ ಕಿನ್ನಾಳದ ಗಿಳಿ ತೂಗುತ್ತಿತ್ತು.

"ನಾ ಏನು ಕದ್ದೀನೇನ್ರಿ?" ಮುದುಕವ್ವ ಸೆರಗಿನಲ್ಲಿ ನಗು ಮುಚ್ಚಿದಳು. "ನಿನ್ನಿ 'ಇವತ್ತು ಇಲ್ಲಿ ಕಟ್ಟತೀನ್ರಿ' ಅಂದೆ, ಮಾಸ್ತರು ನನ್ನ ಕೈ ನೋಡಕೋತನ 'ಹೂಂ' ಅಂದ್ರು. ನನ್ನ ಮೊಮ್ಮಗಗ ಇನ್ನಾ ಬುದ್ಧಿ ಬಲಿತಿಲ್ಲ ಅಂತಿದ್ರಲ್ಲ, ತಮ್ಮದೆಷ್ಟು ಬಲಿತೈತಿ ನೋಡೂಣಂತ ಮಾಡೀನಿ!"

ಪ್ರೊಫೆಸರರು ಖಾಲಿ ಟ್ರಂಕು ನೋಡಿದರು, ಮಾಸ್ತರರನ್ನು ನೋಡಿದರು, ಗಂಭೀರವಾಗಿ ಪೆನ್ನು ತೆಗೆದರು. "ಪರೀಕ್ಷೆ ಛಲೋ ಆಗೇತಿ. ಈ ಕೂಸಿಗೆ ಎಷ್ಟು ತಿಂಗಳು ಅಂತ ಬರೀಲಿ?"

ಮಕ್ಬುಲಸಾಬನ ನಗು ಮೊದಲು ಸಿಡಿಯಿತು. ನನ್ನದು, ಅತ್ತೆಯದು ಹಿಂದೆಯೇ.

"ಒಂಬತ್ತು ತುಂಬೇತ್ರಿ ಸರ್!" ಎಂದ ಪಕ್ಕೀರಪ್ಪ ಮಾಸ್ತರರು ಟ್ರಂಕಿನ ಪಕ್ಕದಲ್ಲೇ ಕುಸಿದು ಕೂತು, ನಮ್ಮೆಲ್ಲರ ನಗು ಮುಳುಗಿಹೋಗುವಂತೆ ಹೊಟ್ಟೆ ಹಿಡಿದು ನಕ್ಕರು.