ಎಮ್ಮಿ ಗಾಡಿ ಮತ್ತು ಹೆಲ್ಮೆಟ್ ಸಿಸ್ಟರ್

ಬಿಳಿ ಕೋಟು ತೊಟ್ಟ ಹೆಣ್ಣುಮಗಳೊಬ್ಬಳು ಬದುವಿನ ಮೇಲೆ ದಾಪುಗಾಲು ಹಾಕಿ ಬರುವುದನ್ನು ಕಂಡಾಗ ಅಂಬ್ರಪ್ಪನಿಗೆ ಅನ್ನಿಸಿದ್ದು ಒಂದೇ. ಈಕೆ ಗಾಡಿಯಲ್ಲಿ ಒಂದು ರೌಂಡ್ ಹೋಗಲು ಬಂದಿದ್ದಾಳೆ.

ಹೆಗಲ ಟವೆಲ್ಲಿನಿಂದ ಸೀಟು ಒರೆಸಿದ. ತಲೆಗೂದಲನ್ನೂ ಅದರಿಂದಲೇ ಒರೆಸಿಕೊಂಡ.

"ಬರ್ರಿ, ಬರ್ರಿ. ಮುಂದ ಕೂಡ್ತೀರೋ, ಹಿಂದ ಕೂಡ್ತೀರೋ?"

"ಬೆಳಿಗ್ಗೆ ಬಿದ್ದು ಮೊಣಕೈ ತರಚಿಸಿಕೊಂಡ ಹುಡುಗ ಎಲ್ಲಿ ಕೂತಿದ್ದ?" ಎಂದಳು ಆಕೆ.

ಅಂಬ್ರಪ್ಪನ ನಗು ಮೀಸೆಯಲ್ಲೇ ನಿಂತುಹೋಯಿತು.

ಸಗರದ ಅಂಬ್ರಪ್ಪನಿಗೆ ಮೂವತ್ತು ವರ್ಷ. ಕೆನಾಲಿನ ಕೆಳಗೆ ಆರು ಎಕರೆ ಭತ್ತ, ಮನೆಯಲ್ಲಿ ತಾಯಿ ಬಸ್ಸಮ್ಮ. ಮುಚ್ಚಿಹೋದ ರೆಸಾರ್ಟೊಂದರಿಂದ ಅವನು ಈ ಎಟಿವಿ ಎಂಬ ಮೋಟಾರು ಗಾಡಿ ತಂದಿದ್ದ. ಕಪ್ಪು ಮೈ, ಅಗಲ ಬೆನ್ನು, ದಪ್ಪನೆಯ ನಾಲ್ಕು ಗಾಲಿ, ಕೊಂಬಿನಂಥ ಹ್ಯಾಂಡಲ್. ಊರವರು ಅದಕ್ಕೆ ಎಮ್ಮಿ ಗಾಡಿ ಎಂದು ಹೆಸರಿಟ್ಟರು. ಭತ್ತ ಕೊಯ್ದು, ಕೆನಾಲಿಗೆ ನೀರು ಬಿಡುವುದು ನಿಂತ ಮೇಲೆ, ಒಣಗಿದ ಗದ್ದೆಯಲ್ಲಿ ಪ್ರತಿ ಭಾನುವಾರ ಮಕ್ಕಳನ್ನು ಹತ್ತಿಸಿಕೊಂಡು ಸುತ್ತು ಹೊಡೆಯುವುದೇ ಅವನ ಸಂಭ್ರಮ. ಮುಂದೆ ಒಬ್ಬ, ಹಿಂದೆ ಇಬ್ಬರು. ಆ ದಿನ ಹಿಂದೆ ಕೂತ ಹುಡುಗನೊಬ್ಬ ಜಾರಿ ಬಿದ್ದಿದ್ದ. ಅವನಿಗೆ ಪಟ್ಟಿ ಕಟ್ಟಿದ್ದು ಊರಿನ ದವಾಖಾನೆಗೆ ಹೊಸದಾಗಿ ಬಂದಿದ್ದ ನರ್ಸ್, ಈ ಮರಿಲಿಂಗಮ್ಮ.

ಆಕೆ ಗಾಡಿಯ ಸುತ್ತ ಒಂದು ಸುತ್ತು ಬಂದು, ಮಡ್‌ಗಾರ್ಡ್ ಮೇಲಿದ್ದ 'ಅವ್ವನ ಆಶೀರ್ವಾದ' ಎಂಬ ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿದಳು. ಕೆಳಗೆ ಕಂಪನಿಯವರ ಎಚ್ಚರಿಕೆ ಇಣುಕಿತು.

"ಹದಿನಾರು ವರ್ಷದೊಳಗಿನವ್ರು ಓಡಿಸಬಾರದು. ಹಿಂದ ಯಾರನ್ನೂ ಕೂಡಿಸಬಾರದು. ಇದನ್ನ ಆಶೀರ್ವಾದದ ಕೆಳಗ ಮುಚ್ಚಿ ಇಟ್ಟೀರಲ್ಲ!"

ಸಿಟ್ಟಿನಲ್ಲಿ ಆಕೆಯ ಮೂಗುತಿ ಮಿಂಚುತ್ತಿತ್ತು. ಊರೆಲ್ಲ ಆಕೆಯನ್ನು ಸಿಸ್ಟರ್ ಎನ್ನುತ್ತಿತ್ತು. ಅಂಬ್ರಪ್ಪನ ನಾಲಿಗೆ ಮಾತ್ರ ಆ ಪದದ ಹತ್ತಿರ ಬಂದು ಮೊಂಡು ಎತ್ತಿನಂತೆ ನಿಂತಿತು.

"ಸಿ..."

"ಏನ್ರಿ?"

"ಸೀ... ಸೀಟು ಭಾಳ ಮೆತ್ತಗದ ಅಂದೆ."

"ಗಾಡಿ ತೂಕ ಎಷ್ಟು?"

"ಎರಡೂವರೆ ಕ್ವಿಂಟಲ್!" ಎಂದ ಎದೆಯುಬ್ಬಿಸಿ.

"ಅಂದ್ರ ಐದು ಗೊಬ್ಬರ ಚೀಲ. ಮಗುಚಿ ಬಿದ್ರ ಕೂಸಿನ ಎದಿ ಮ್ಯಾಲ ಐದು ಚೀಲ ಒಟ್ಟಿದಂಗ. ಎತ್ತೋರು ಯಾರು?"

"ಮಗಚಂಗಿಲ್ರಿ. ಇದು ನನ್ನ ಮಾತು ಕೇಳತದ. ಕೆನಾಲ್ ಏರಿ ಹತ್ತಿಸಿ ತೋರಿಸ್ತೀನಿ, ನೋಡ್ರಿ."

ಅವನು ಗಾಡಿ ಹತ್ತಿಯೇಬಿಟ್ಟ. ಬೇವಿನ ಕೊಂಬೆಗೆ ತೂಗುಬಿಟ್ಟಿದ್ದ ಅವನ ಹೆಲ್ಮೆಟ್ಟನ್ನು ಆಕೆ ತಂದು, ಕೇಳದೆಯೇ ತಲೆಗೆ ಹಾಕಿದಳು. ಪಟ್ಟಿ ಬಿಗಿಯುವಾಗ ಬೆರಳು ಗದ್ದಕ್ಕೆ ತಾಕಿತು.

"ಬಿಗಿ ಆತೇನು?"

"ಇಲ್ರಿ. ಇನ್ನೊಮ್ಮೆ ನೋಡ್ರಿ."

ಆಕೆ ನೋಡಿದ ನೋಟಕ್ಕೆ ಅವನು ಎಕ್ಸಿಲರೇಟರ್ ತಿರುವಿದ.

ಗಾಡಿ ಏರಿಯ ಅರ್ಧಕ್ಕೆ ಹೋಯಿತು. ಅಲ್ಲಿ ಅಂಬ್ರಪ್ಪ, ಆಕೆ ನೋಡುತ್ತಿದ್ದಾಳೋ ಇಲ್ಲವೋ ಎಂದು ಹಿಂದಕ್ಕೆ ತಿರುಗಿದ. ಅವನ ಜೊತೆ ಹ್ಯಾಂಡಲ್ಲೂ ತಿರುಗಿತು. ಎಮ್ಮಿ ಗಾಡಿ ಅಡ್ಡಲಾಗಿ ವಾಲಿ, ಅವನನ್ನು ಇನ್ನೂ ಕೆಸರು ಆರದ ಹೊಲಗಾಲುವೆಗೆ ಎಸೆದು, ತಾನೂ ಒಂದು ಮಗುಚು ಮಗುಚಿ ಪಕ್ಕದಲ್ಲೇ ಬಿತ್ತು. ಒಂದು ಮೊಳ ಈಚೆಗೆ ಬಿದ್ದಿದ್ದರೆ ಅವನ ಮೇಲೆಯೇ.

"ಮರಿಲಿಂಗಮ್ಮಾ!" ಅಂಬ್ರಪ್ಪ ಒದರಿದ.

ಆಕೆ ಚಪ್ಪಲಿ ಅಲ್ಲೇ ಬಿಟ್ಟು ಓಡಿ ಬಂದಳು. ಹೆಲ್ಮೆಟ್ ಕಲ್ಲಿಗೆ ಬಡಿದು ಬಿರಿದಿತ್ತು. ಮಂಡಿಯೂರಿ, ಅವನ ಕಣ್ಣಿನೆದುರು ಕೈ ಹಿಡಿದಳು.

"ಬೆರಳು ಎಷ್ಟು ಅದಾವ?"

"ಐದೂ ಚಂದ ಅದಾವ."

"ಚಾಷ್ಟಿ ಮಾಡಬ್ಯಾಡ್ರಿ!" ಎಂದಳು. ಆದರೆ ಕಣ್ಣಲ್ಲಿ ನೀರು ತುಂಬಿತ್ತು. ಅದನ್ನು ಮರೆಮಾಚಲು ಇನ್ನೂ ಗಡುಸಾದಳು. "ಊರಾಗ ಎಲ್ಲಾರೂ ಸಿಸ್ಟರ್ ಅಂತಾರ. ನೀವ್ಯಾಕ ಹೆಸರು ಹಿಡದು ಒದರಿದ್ರಿ?"

"ಸತ್ರೂ ನಿಮಗ ಸಿಸ್ಟರ್ ಅನ್ನಂಗಿಲ್ರಿ."

ಆಕೆಯ ಕಿವಿ ಕೆಂಪಾಯಿತು.

ಅಂಬ್ರಪ್ಪ ಕೆಸರು ಒರೆಸಿಕೊಂಡು ಎದ್ದ. ಗಾಡಿಯ ಹಿಂದಿನ ಸೀಟು ನೆಲದಲ್ಲಿ ಹೂತುಹೋಗಿತ್ತು. ಬಾಗಿ ಅದನ್ನು ಮುಟ್ಟಿ ನೋಡಿದ.

"ಬೆಳಿಗ್ಗೆ ಹುಡುಗ್ರು ಇಲ್ಲೇ ಕೂತಿದ್ರು," ಎಂದ. ಈ ಸಲ ದನಿಯಲ್ಲಿ ತಮಾಷೆ ಇರಲಿಲ್ಲ. "ನನ್ನ ನಂಬಿ ಕೂತಿದ್ರು."

ಕೀಲಿ ತೆಗೆದು ಆಕೆಯ ಅಂಗೈಯಲ್ಲಿಟ್ಟ. "ಇದು ನಿಮ್ಮ ಹತ್ರನ ಇರ್ಲಿ."

ಮುಂದಿನ ಎರಡು ಭಾನುವಾರ ಮಕ್ಕಳು ಅವನ ಮನೆ ಮುಂದೆ ಧರಣಿ ಕೂತರು. "ಅಂಬ್ರಪ್ಪ ಮಾಮಾ, ಎಮ್ಮಿ ಬಿಡು!" ಎಂಬ ಕೂಗಿಗೆ ಬಸ್ಸಮ್ಮನಿಗೆ ಮಧ್ಯಾಹ್ನದ ನಿದ್ದೆಯಿಲ್ಲ. ಕೊನೆಗೆ ಅವನು ದವಾಖಾನೆಗೇ ಹೋಗಿ ಬೆಂಚಿನ ಮೇಲೆ ಕೂತ. "ಹುಡುಗ್ರ ಅಳತಿಗೇ ಮಾಡಿದ ಸಣ್ಣ ಗಾಡಿ ಸಿಗತಾವಂತ. ನಡಸಬಹುದೇನ್ರಿ?"

ಮರಿಲಿಂಗಮ್ಮ ಅವನು ತರಿಸಿಕೊಟ್ಟ ಆ ಗಾಡಿಯ ಸೂಚನಾ ಪುಸ್ತಕವನ್ನು ಮೂರು ದಿನ ಓದಿದಳು. ಓದಿದ ಮೇಲೆ ಹೂಂ ಎಂದಳು, ಆದರೆ ಷರತ್ತುಗಳ ಜೊತೆ. ಹನ್ನೆರಡು ತುಂಬಿದವರು ಮಾತ್ರ. ಒಂದು ಸಲಕ್ಕೆ ಒಬ್ಬರೇ. ಕಾಲಲ್ಲಿ ಬೂಟು, ಮೈಮೇಲೆ ತುಂಬುತೋಳಿನ ಅಂಗಿ. ಸಪಾಟಾದ ಗದ್ದೆ, ಏರಿಯ ಕಡೆ ಬಿಲ್ಕುಲ್ ಇಲ್ಲ. ಹೆಲ್ಮೆಟ್ ತರಿಸಲು ಟೇಪು ಹಿಡಿದು ಒಂದೊಂದೇ ತಲೆ ಅಳೆದಳು. ಸಾಲಿನ ಕೊನೆಯಲ್ಲಿ ಅಂಬ್ರಪ್ಪನೂ ತಲೆ ತಗ್ಗಿಸಿ ನಿಂತಿದ್ದ.

"ನಿಮಗ್ಯಾಕ್ರಿ?"

"ಹಳೇದು ಒಡದದಲ್ರಿ."

ಆಕೆ ಅಳೆದಳು. ಒಂದು ಸಲಕ್ಕೆ ಮುಗಿಯಬೇಕಾದದ್ದನ್ನು ಎರಡು ಸಲ ಅಳೆದಳು.

ಅಂಬ್ರಪ್ಪ ತಂದ ಸಣ್ಣ ಗಾಡಿಯ ಹಿಂದೆ ಒಂದು ಹಗ್ಗವಿತ್ತು. ದೊಡ್ಡವರು ಅದನ್ನು ಹಿಡಿದು ಜೊತೆಗೇ ಓಡಬೇಕು. ಜಗ್ಗಿದರೆ ಸ್ವಿಚ್ಚು ಕಿತ್ತುಬಂದು ಇಂಜಿನ್ ಬಂದ್ ಆಗುತ್ತದೆ. ಹೀಗಾಗಿ ಪ್ರತಿ ಭಾನುವಾರ ಮಕ್ಕಳು ರಾಜರಂತೆ ಕೂತು ಹೋಗುವುದು, ಅಂಬ್ರಪ್ಪ ಏದುಸಿರು ಬಿಡುತ್ತ ಹಿಂದೆ ಓಡುವುದು, ಮರಿಲಿಂಗಮ್ಮ ಪಕ್ಕದಲ್ಲಿ ಸೀಟಿ ಹಿಡಿದು ನಡೆಯುವುದು. ಬೇವಿನ ನೆರಳಲ್ಲಿ ತಾಯಂದಿರು ಕೂತು ಶೇಂಗಾ ಸುಲಿಯುತ್ತಿದ್ದರು. ಅವರಿಗೆ ಗಾಡಿಗಿಂತ ಈ ಇಬ್ಬರನ್ನು ನೋಡುವುದೇ ಹೆಚ್ಚು ಖುಷಿ.

ನಾಲ್ಕನೆಯ ಭಾನುವಾರ ಗಾಡಿಯ ಮೇಲೆ ಹದಿಮೂರರ ಮಲಕಮ್ಮ ಇದ್ದಳು. ಇಂಜಿನ್ ಗುರುಗುಡುತ್ತಿತ್ತು. ಈ ಸದ್ದಿನಲ್ಲಿ ಯಾರಿಗೂ ಕೇಳಿಸದು ಎಂಬ ಧೈರ್ಯದಿಂದ ಅಂಬ್ರಪ್ಪ ಬಾಯಿಬಿಟ್ಟ.

"ನಾ ಒಂದು ಮಾತು ಹೇಳಬೇಕಾಗೇದ್ರಿ!"

"ಏನು? ಕೇಳವಲ್ದು!"

"ಮೂರು ವಾರದಿಂದ ನಿದ್ದಿ ಇಲ್ರಿ!"

"ಗುಳಿಗಿ ಕೊಡಲೇನು?"

"ಗುಳಿಗಿ ಅಲ್ರೀ..." ಕಾಲು ಹೆಂಟೆಗೆ ಎಡವಿತು, ಹಗ್ಗ ಜಗ್ಗಿತು, ಇಂಜಿನ್ ಗಪ್ಪೆಂದು ನಿಂತಿತು. ನಿಶ್ಶಬ್ದವಾದ ಗದ್ದೆಯಲ್ಲಿ ಅವನ ಕೂಗು ಮಾತ್ರ ಕೆನಾಲ್ ಏರಿಯವರೆಗೆ ಮೊಳಗಿತು: "ನನ್ನ ಮದಿವಿ ಆಗ್ತೀರೇನು?"

ಶೇಂಗಾ ಸುಲಿಯುವ ಸದ್ದೂ ನಿಂತಿತು.

ಮರಿಲಿಂಗಮ್ಮ ಮುಖವೆಲ್ಲ ಕೆಂಪಾಗಿ ನಿಂತಳು. "ಮೊದಲ ಆ ಹುಡುಗಿನ್ನ ಇಳಸ್ರಿ. ಬಿಸಿ ಸೈಲೆನ್ಸರಿಗೆ ಕಾಲು ತಾಕೀತು."

ಅವನು ಇಳಿಸಿದ. ಮಲಕಮ್ಮ ಹೆಲ್ಮೆಟ್ಟಿನ ಕಿಂಡಿಯಿಂದ ಇಬ್ಬರನ್ನೂ ಕಣ್ಣರಳಿಸಿ ನೋಡುತ್ತಿದ್ದಳು.

"ಆಕಿ ಹೂಂ ಅಂದ್ಲೋ ಇಲ್ಲೋ?" ಬಸ್ಸಮ್ಮ ಬೇವಿನ ಬುಡದಿಂದ ಕೂಗಿದಳು.

ಮರಿಲಿಂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ನಮ್ಮಪ್ಪ ಬಳಿಚಕ್ರ ಊರಾಗ ಇರ್ತಾನ. ಸೋಮವಾರ ನಿಮ್ಮವ್ವನ್ನ ಕರಕೊಂಡು ಬರ್ರಿ. ಬಸ್ಸಿಗೆ ಬರ್ರಿ ಮತ್ತ! ಎಮ್ಮಿ ಗಾಡಿ ಕೀಲಿ ಕೇಳಿದ್ರ ಹೊಸ್ತಿಲದಿಂದನ ವಾಪಸ್ ಕಳಸ್ತೀನಿ."

"ಹಂಗಾರ... ಹೂಂ ಅಂದಂಗೇನ್ರಿ?"

"ಇನ್ನೂ ಇಬ್ರು ಹುಡುಗ್ರು ಬಾಕಿ ಅದಾರ," ಎಂದು ಆಕೆ ಕಣ್ಣು ತಗ್ಗಿಸಿ ನಕ್ಕಳು. "ಓಡ್ರಿ."

ಅಂಬ್ರಪ್ಪ ಓಡಿದ. ಖುಷಿಗೆ ಎಷ್ಟು ಜೋರಾಗಿ ಓಡಿದನೆಂದರೆ, ಗಾಡಿಯನ್ನೂ ದಾಟಿ ಹೋದ. ಹಗ್ಗ ಜಗ್ಗಿ ಇಂಜಿನ್ ಮತ್ತೆ ಬಂದ್ ಆಯಿತು. ಅವನನ್ನು ತಡೆಯಲು ಮರಿಲಿಂಗಮ್ಮ ಸೀಟಿ ಬಾಯಿಗಿಟ್ಟಳು. ನಗು ತಡೆಯಲಾಗದೆ ಅದನ್ನು ಊದಲು ಆಗಲೇ ಇಲ್ಲ.