ಹೊನ್ನಾಳಿಯ ಪ್ಲೇಟ್ ಅಂಗಡಿ

"ಆ ಪ್ಲೇಟ್ ಮುಟ್ಟಬ್ಯಾಡ್ರಿ!"

ಕಸ್ತೂರಿಯ ದನಿಗೆ ಅವನು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡ.

ಅದು ೧೯೮೪. ಅಪ್ಪ ವಿರೂಪಾಕ್ಷಪ್ಪ ಲಕ್ವ ಹೊಡೆದು ಮಲಗಿದ ಮೇಲೆ ಹೊನ್ನಾಳಿಯ ಗ್ರಾಮಫೋನ್ ಪ್ಲೇಟ್ ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು. ಬಂದವನು ಜಗಳೂರಿನ ಡ್ರಾಯಿಂಗ್ ಮೇಷ್ಟ್ರು ರುದ್ರಸ್ವಾಮಿ.

"ನ್ಯಾಮತಿ ದ್ಯಾಮಮ್ಮನ ತತ್ವಪದ... ಬಂದಿದ್ದೇ ಇನ್ನೂರು ಪ್ಲೇಟ್ ಅಂತಲ್ರೀ? ಐದು ವರ್ಷದಿಂದ ಹುಡುಕ್ತಿದೀನಿ. ಕೊಡ್ರಿ."

"ಅದು ಮಾರಾಕಲ್ಲ. ಕೇಳಾಕಾದ್ರೆ ಕೂತ್ಕಳ್ರಿ."

ಕೂತ. ಹಾಡು ಮುಗಿದಾಗ ಅವನ ಕಣ್ಣು ಒದ್ದೆಯಾಗಿತ್ತು. ಆಮೇಲೆ ಪ್ರತಿ ಭಾನುವಾರವೂ ಬಂದ. ಭಾನುವಾರ ಬೆಳಗಾದರೆ ಕಸ್ತೂರಿ ಕನ್ನಡಿಯ ಮುಂದೆ ಎರಡೆರಡು ಸಲ ನಿಲ್ಲತೊಡಗಿದಳು!

ಅಷ್ಟರಲ್ಲಿ ಊರೂರಿಗೂ ಕ್ಯಾಸೆಟ್ ಬಂತು. "ಪ್ಲೇಟ್ ಕಾಲ ಮುಗೀತವ್ವ, ಮಳಿಗೆ ನಂಗೆ ಬಿಟ್ಕೊಡು" ಎಂದು ಚನ್ನಗಿರಿಯ ಕ್ಯಾಸೆಟ್ ವ್ಯಾಪಾರಿ ಮಹೇಶ್ವರಪ್ಪ ದುಂಬಾಲು ಬಿದ್ದ.

"ಬಿಡಲ್ಲ" ಎಂದಳು ಕಸ್ತೂರಿ.

ಒಂದು ದಿನ ಚನ್ನಗಿರಿಗೆ ಹೋದವಳು ಕಂಡದ್ದೇನು? ಅದೇ ಮಹೇಶ್ವರಪ್ಪನ ಅಂಗಡಿಯಲ್ಲಿ ರುದ್ರಸ್ವಾಮಿ ನಗುನಗುತ್ತಾ ಏನೋ ಕಾಗದ ಕೊಡುತ್ತಿದ್ದ.

'ಅಯ್ಯೋ... ಇವರೂ ಅವನ ಕಡೆಯವರೇ!'

ಮುಂದಿನ ಭಾನುವಾರ ಅವನನ್ನು ಬಾಗಿಲಲ್ಲೇ ತಡೆದಳು. "ಇನ್ಮ್ಯಾಲೆ ಬರಬ್ಯಾಡ್ರಿ."

"ಯಾಕ್ರೀ? ಏನಾತು?"

ಅವಳು ಬಾಗಿಲು ಮುಚ್ಚಿಕೊಂಡಳು. ಅವನು ತಲೆ ತಗ್ಗಿಸಿ ಹೊರಟುಹೋದ. ಮೂರು ಭಾನುವಾರ ಸುಳಿಯಲೇ ಇಲ್ಲ.

ನಾಲ್ಕನೆಯ ಭಾನುವಾರ ಉಬ್ರಾಣಿಯ ರೈತ ಬೋರಣ್ಣ ಬಂದ. "ಹಳೇ ಪ್ಲೇಟ್ ಇಲ್ಲಿ ಸಿಗ್ತಾವಂತೆ? ಚನ್ನಗಿರಿ ಕ್ಯಾಸೆಟ್ ಅಂಗ್ಡೀಲಿ ನಿಮ್ಮಂಗ್ಡಿ ಚಿತ್ರ ಬರ್ದು ಅಂಟಿಸ್ಯಾರೆ!"

"ಯಾರು?"

"ಯಾರೋ ಡ್ರಾಯಿಂಗ್ ಮೇಷ್ಟ್ರಂತೆ. ಮಹೇಶ್ವರಪ್ಪ ಒಲ್ಲೆ ಅಂದ್ರೂ ನಗ್ತಾ ನಗ್ತಾನೇ ಒಪ್ಸಿದ್ರಂತೆ. ನ್ಯಾಮತೀಲೂ ಒಂದೈತೆ."

ಅಂದು ಅವನ ಕೈಲಿ ಕಂಡ ಕಾಗದ ಏನೆಂದು ಕಸ್ತೂರಿಗೆ ಈಗ ತಿಳಿಯಿತು. 'ಒಂದು ಮಾತು ಕೇಳದೆ ಏನು ಮಾಡಿಬಿಟ್ಟೆ ನಾನು...'

ಅತ್ತುಕೊಂಡು ಕೂರುವ ಜಾಯಮಾನ ಅವಳದಲ್ಲ. ಮರುದಿನ ಮೊದಲ ಬಸ್ಸು ಹತ್ತಿ ಜಗಳೂರಿನ ಶಾಲೆಗೇ ಹೋದಳು. ಕೈಗೆ ಮೆತ್ತಿದ ಸೀಮೆಸುಣ್ಣ ಒರೆಸಿಕೊಳ್ಳುತ್ತಾ ಅವನು ಜಗಲಿಗೆ ಬಂದ.

"ನಾನು ತಪ್ಪು ತಿಳ್ಕಂಡೆ. ಕ್ಷಮಿಸ್ರಿ."

"ಅಷ್ಟಕ್ಕೇ ಇಷ್ಟು ದೂರ ಬಂದ್ರಾ?"

ಅವಳು ತಲೆಯೆತ್ತಿದಳು. "ಅಲ್ಲ. ನೀವಂದ್ರೆ ನಂಗಿಷ್ಟ. ಆದ್ರೆ ಮದ್ವೆ ಆದ್ರೂ ಅಂಗಡಿ ಮುಚ್ಚಲ್ಲ... ಅಪ್ಪನ್ನೂ ಬಿಡಲ್ಲ. ಒಪ್ಪಿಗೆ ಇದ್ರೆ ಹೇಳ್ರಿ."

"ನಾನು ಹೊನ್ನಾಳಿಗೆ ವರ್ಗ ಕೇಳೇ ಎರಡು ತಿಂಗಳಾತು ಕಸ್ತೂರಿ! ನಿಮ್ಮತ್ರ ಹೇಳಾಕೆ ಧೈರ್ಯ ಇರ್ಲಿಲ್ಲ... ನಿಮ್ಮಪ್ಪನ್ನ ಕಾಣಾಕೆ ಯಾವಾಗ ಬರ್ಲಿ?"

"ಇವತ್ತೇ. ಮಧ್ಯಾಹ್ನ ಬಸ್ ಐತೆ."

ಅವನು ನಕ್ಕ. "ರಜಾ ಚೀಟಿ ಕೊಟ್ಟು ಬರ್ತೀನಿ. ಇಲ್ಲೇ ಇರು..."

ಮೊದಲ ಸಲ ಅವನ ಮಾತಿನಲ್ಲಿ 'ರೀ' ಇರಲಿಲ್ಲ.

"ಇರ್ತೀನಿ" ಎಂದಳು ಮೆಲ್ಲಗೆ. "ಜಲ್ದಿ ಬರ್ರಿ!"