ಹಳದಿ ಮೇಣ

ಅಮ್ಮನ ಸ್ಕೀ ಅಂಗಡಿಯಲ್ಲಿ, ಸೆವೆರಿನ್‌ನ ಸ್ಕೀಗಳನ್ನು ಮೇಜಿನ ಮೇಲೆ ಬೋರಲಾಗಿಸಿ ಹೆರೆಯುತ್ತಿದ್ದ ಬ್ರೋಂಕಾಳ ಕೈ ನಿಂತಿತು. ಜಾರಲೆಂದು ತಳಕ್ಕೆ ಬಳಿಯುವ ಮೇಣ ಅಂಚಿನಲ್ಲಿ ಹಳದಿಯಾಗಿತ್ತು.

"ಇವತ್ತು ಎಲ್ಲಿಗೆ ಹೋಗಿದ್ದೆ?"

"ಇಲ್ಲೇ, ನಮ್ಮ ಇಳಿಜಾರಿಗೆ. ಸ್ಕೀ ಕಲಿಯಕ್ಕೆ ವಾರ್ಸಾದವರು ಬಂದಿದ್ರು. ಬಿದ್ದೋರನ್ನ ಎತ್ತಿ ಎತ್ತಿ ಸೊಂಟ ಹೋಯ್ತು." ಅವನು ಬಗ್ಗಿ, ಅವಳ ಮೂಗಿಗೆ ಮೆತ್ತಿದ್ದ ಮೇಣದ ಪುಡಿಯನ್ನು ಬೆರಳಿನಿಂದ ಒರೆಸಿದ. "ಏನು, ಈಗಲೇ ಹೆಂಡತಿ ವಿಚಾರಣೆ ಶುರುನಾ?"

ಆ ಕಳ್ಳನಗೆಗೆ ಎಂದಿನಂತೆ ಅವಳ ಎದೆ ಕರಗಬೇಕಿತ್ತು. ಕರಗಲಿಲ್ಲ.

ತಮ್ಮೂರು ಜಾಕೊಪಾನೆಯ ಕಡೆಗಿನ ಬೆಟ್ಟ ನೆರಳಿನದು. ಅದರ ಗಟ್ಟಿ ಹಿಮಕ್ಕೆ ನೀಲಿ ಮೇಣ. ಹಳದಿ ಬೇಕಾಗುವುದು ಗಡಿಯಾಚೆ, ಸ್ಲೊವಾಕಿಯಾದ ಬಿಸಿಲಿಗೆ ಒದ್ದೆಯಾದ ಹಿಮಕ್ಕೆ. ಅಪ್ಪನೂ "ಇಲ್ಲೇ ಇದ್ದೆ" ಎನ್ನುತ್ತಿದ್ದ. ಅಮ್ಮ ಅವನನ್ನು ಹಿಡಿದದ್ದು ಇದೇ ಮೇಜಿನ ಮೇಲೆ, ಇದೇ ಬಣ್ಣದಿಂದ. ಆಚೆ ಒಬ್ಬಳಿದ್ದಳು. ಅಪ್ಪ ಅಲ್ಲೇ ಉಳಿದ.

ಮದುವೆ ಬರುವ ಶನಿವಾರ.

ಮರುದಿನ ಬೆಳಿಗ್ಗೆ ಸೆವೆರಿನ್ ಚೀಲಕ್ಕೆ ಎರಡು ಲೋಟ ಹಾಕಿಕೊಂಡದ್ದನ್ನು ಅವಳು ಕಿಟಕಿಯಿಂದ ನೋಡಿದಳು. ಅವನ ಜಾಡು ಹಿಡಿದೇ ಬೆಟ್ಟ ಹತ್ತಿದಳು. ಮುಖಕ್ಕೆ ಎಸೆದೇ ಬರುವುದೆಂದು, ಕೈಗವಸಿನೊಳಗೆ ನಿಶ್ಚಿತಾರ್ಥದ ಉಂಗುರವನ್ನು ಬೆರಳ ತುದಿಗೆ ತಂದುಕೊಂಡಿದ್ದಳು.

ತುದಿಯಲ್ಲಿ, ಗಡಿಕಲ್ಲಿನ ಬಳಿ, ಅವನು ಯಾರಿಗೋ ಚಹಾ ಬಗ್ಗಿಸುತ್ತಿದ್ದ. ಆ ಯಾರೋ ತಿರುಗಿದಾಗ ನರೆತ ಮೀಸೆ ಕಂಡಿತು.

ಅಪ್ಪ.

"ಅಪ್ಪ ಅಮ್ಮ ಇಬ್ಬರ ಮುಂದೆ ಆಶೀರ್ವಾದಕ್ಕೆ ಮಂಡಿಯೂರದೆ ನಮ್ಮಲ್ಲಿ ಯಾವ ಹುಡುಗಿ ಚರ್ಚಿಗೆ ಹೊರಡ್ತಾಳೆ?" ಸೆವೆರಿನ್ ತಡವರಿಸಿದ. "ಅದಕ್ಕೇ ನಿನ್ನೆ ಆಚೆ ಇವರ ಮನೆಗೇ ಇಳಿದಿದ್ದೆ, ಇವತ್ತೂ ಗೋಗರೀತಿದ್ದೀನಿ. ಒಪ್ಪದೇ ಹೋದ್ರೆ ನಿನಗೆ ಗೊತ್ತಾಗೋದೇ ಬೇಡ ಅಂತ..."

"ಅಮ್ಮ ಏನಂತಾಳೆ?"

"ಕೇಳಿದೆ. ಬಂದ್ರೆ ಬರಲಿ, ನನ್ನ ಪಕ್ಕ ಮಾತ್ರ ಊಟಕ್ಕೆ ಕೂರೋದು ಬೇಡ ಅಂದ್ರು."

ಅಪ್ಪ ಕಲ್ಲಿನ ಆಚೆಯೇ ನಿಂತಿದ್ದ. "ಯಾವ ಮುಖ ಇಟ್ಕೊಂಡು ಬರಲಿ, ಮಗಳೇ?"

ಬ್ರೋಂಕಾ ಉಂಗುರವನ್ನು ಬೆರಳ ಬುಡಕ್ಕೆ ತಳ್ಳಿದಳು. ಜೇಬಿನಿಂದ ಹೆರೆಯುವ ಪಟ್ಟಿ, ನೀಲಿ ಮೇಣ ತೆಗೆದಳು.

"ಸ್ಕೀ ಕೊಡಪ್ಪ. ಹಳದೀಲಿ ನಮ್ಮ ಕಡೆ ಇಳಿಯಕ್ಕಾಗಲ್ಲ."

ಅಪ್ಪ ಬಗ್ಗಿ, ಸ್ಕೀ ಬಿಚ್ಚಿ, ಗಡಿಕಲ್ಲಿನ ಮೇಲೆ ಇಟ್ಟ.

ಅವಳು ಹೆರೆದಳು. ಹಳದಿ ಪುಡಿ ಹಿಮದ ಮೇಲೆ ಉದುರಿತು. ಪಕ್ಕದಲ್ಲಿ ಸೆವೆರಿನ್ ಹಲ್ಲು ಕಿರಿದ.

"ನೀನೂ ಬಿಚ್ಚೋ, ಸುಳ್ಳ," ಎಂದಳು, ತಲೆಯೆತ್ತದೆ. "ಇನ್ಮೇಲೆ ನಿನ್ನ ಸ್ಕೀನ ದಿನಾ ನೋಡ್ತೀನಿ."

"ನಾನು ಮುದುಕ ಆದ್ರೂನಾ?"

"ಕೈ ಖಾಲಿ ಇಲ್ಲ ನಂಗೆ. ನನ್ನ ಮೂಗಿನ ಮೇಲೆ ಮೇಣ ಕೂತಿದೆ, ಒರೆಸು."